ಪಾಟಣಕರರು ಮನೆ ಮಾರಿದ್ದು

"ದಲ್ಲಾಳಿ ಯಾಕೆ ಬೇಕು? ನನಗೇನು ಬಾಯಿಲ್ವಾ?"

ನಾಗಪಂಚಮಿಯ ಮರುದಿನ, ನಾಲ್ಕು ಗಂಟೆಯ ಚಹಾವನ್ನು ಬಸಿಗೆ ಬಗ್ಗಿಸಿಕೊಳ್ಳುತ್ತಾ ಅರವಿಂದ ಪಾಟಣಕರರು ಈ ಐತಿಹಾಸಿಕ ಘೋಷಣೆ ಹೊರಡಿಸಿದರು. ಪುಣೆಯ ನಾರಾಯಣ ಪೇಟೆಯ ತಮ್ಮ ಮೂರನೇ ಮಹಡಿಯ ಮನೆಯನ್ನು ತಾವೇ, ಸ್ವಂತ ಬಾಯಿಂದ, ಯಾರ ಹಂಗೂ ಇಲ್ಲದೆ ಮಾರಿಬಿಡುತ್ತಾರಂತೆ! ಗಣಪತಿ ಬರುವುದರೊಳಗೆ!

"ಬಾಯಿ ಇರೋದೇ ನನಗೆ ಹೆದರಿಕೆ," ಎಂದರು ಅವರ ಹೆಂಡತಿ ಸುಲಭಾಬಾಯಿ.

ಹೆದರಿಕೆಗೆ ಕಾರಣವಿತ್ತು. ಪಾಟಣಕರರು ಜೀವಮಾನವೆಲ್ಲ ಒಂದು ಸರ್ಕಾರಿ ಕಚೇರಿಯ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಬಂದವರನ್ನು ವಾಪಸ್ಸು ಕಳಿಸುವ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಅವರ ಕಿಟಕಿಗೆ ಒಮ್ಮೆ ಬಂದು, ಆ ಒಂದೇ ಸಲಕ್ಕೆ ಕೆಲಸ ಮುಗಿಸಿಕೊಂಡು ಹೋದ ಗಂಡು ಇನ್ನೂ ಹುಟ್ಟಿಲ್ಲ ಎಂದು ಅವರ ಸಹೋದ್ಯೋಗಿಗಳು ಬೀಳ್ಕೊಡುಗೆ ಸಮಾರಂಭದಲ್ಲಿ ಹಾಡಿ ಹೊಗಳಿದ್ದರು. ಅಂಥವರು ಈಗ ಗಿರಾಕಿಯನ್ನು ಒಳಗೆ ಕರೆದು ಕೂರಿಸಬೇಕು!

ಆದರೆ ಮನೆ ಮಾರದೆ ವಿಧಿಯಿರಲಿಲ್ಲ. ಕಟ್ಟಡಕ್ಕೆ ಲಿಫ್ಟ್ ಇಲ್ಲ, ಸುಲಭಾಬಾಯಿಗೆ ಮೊಣಕಾಲು ಇಲ್ಲ. ಇದ್ದರೂ ಅದು ಹೆಸರಿಗೆ ಮಾತ್ರ. ಒಂದು ಕಾಲಕ್ಕೆ ದಿನಕ್ಕೆರಡು ಸಲ ಮಂಡಯಿಯ ತರಕಾರಿ ಮಾರುಕಟ್ಟೆಗೆ ಹೋಗಿ ಬದನೆಕಾಯಿಯ ಬೆಲೆಗೆ ಬೆವರಿಳಿಸಿ ಬರುತ್ತಿದ್ದ ಹೆಂಗಸು ಈಗ ಬಾಲ್ಕನಿಯಲ್ಲಿ ನಿಂತು ಕೆಳಗಿನ ಗಾಡಿಯವನ ಜೊತೆ ಕೂಗಿ ಚೌಕಾಸಿ ಮಾಡಬೇಕಾಗಿತ್ತು. ಊರಿನ ಇನ್ನೊಂದು ಬದಿಯ ಕೋಥ್ರೂಡಿನಲ್ಲಿ ಸಾಠೆ ಎಂಬುವರ ನೆಲಮಹಡಿಯ ಮನೆಯೊಂದು ಸಿಕ್ಕಿತ್ತು. ಮುಂದೆ ನಾಲ್ಕು ಮೊಳದ ಅಂಗಳ. ಆ ಅಂಗಳದಲ್ಲಿ ಸುಲಭಾಬಾಯಿ ಆಗಲೇ ಮನಸ್ಸಿನಲ್ಲೇ ಕರಿಬೇವು ನೆಟ್ಟು, ಅಬ್ಬಲಿಗೆ ಬಿಡಿಸಿ, ಮಾಲೆ ಕಟ್ಟಿಯೂ ಆಗಿತ್ತು. "ಗಣಪತಿ ಬರೋವರೆಗೆ ಕಾಯ್ತೀನಿ ವಹಿನಿ. ಆಮೇಲೆ ಮುಂಬೈಯವರು ಕೇಳ್ತಿದ್ದಾರೆ, ಅವರಿಗೆ ಕೊಟ್ಟುಬಿಡ್ತೀನಿ," ಎಂದಿದ್ದರು ಸಾಠೆ. ಇಲ್ಲಿ ಮಾರಿದರೆ ಮಾತ್ರ ಅಲ್ಲಿ ಕೊಳ್ಳಲು ಸಾಧ್ಯ.

ಪಾಟಣಕರರು ಸಿದ್ಧತೆಗೆ ಇಳಿದರು. ಮೊದಲನೆಯದು ಬೋರ್ಡು. ಸ್ವಂತ ಕೈಯಿಂದ, ಕೆಂಪು ಬಣ್ಣದಲ್ಲಿ ಬರೆದು ಹೆಂಡತಿಗೆ ತೋರಿಸಿದರು:

"ಮೂರನೇ ಮಹಡಿಯ ಮನೆ ಮಾರಾಟಕ್ಕಿದೆ. ದಲ್ಲಾಳಿಗಳು ಇದನ್ನು ಓದುವ ಅಗತ್ಯವಿಲ್ಲ. ಲಿಫ್ಟ್ ಇಲ್ಲ, ಎಲ್ಲಿದೆ ಎಂದು ಹುಡುಕಬೇಡಿ. ಬೆಲ್ ಒಂದು ಸಲ ಒತ್ತಿದರೆ ಸಾಕು, ನಮಗೆ ಕಿವಿ ಇದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಂದವರಿಗೆ ಯಾವ ಬೆಲೆಗೂ ಮನೆ ಕೊಡಲಾಗುವುದಿಲ್ಲ."

"ಇದು ಮನೆ ಮಾರೋ ಬೋರ್ಡಾ, ನಾಯಿ ಇದೆ ಎಚ್ಚರಿಕೆ ಅನ್ನೋ ಬೋರ್ಡಾ?"

"ನಾವು ಎಂಥ ಜನ ಅಂತ ಬರೋರಿಗೆ ಮೊದಲೇ ಗೊತ್ತಾಗಬೇಕು ಸುಲಭಾ."

"ಗೊತ್ತಾಗ್ತಿದೆ, ಚೆನ್ನಾಗಿಯೇ ಗೊತ್ತಾಗ್ತಿದೆ! ಅಲ್ಲ ರೀ, ಕೆಲಸಕ್ಕೆ ಹೋಗೋರು ಊಟದ ಹೊತ್ತಲ್ಲಿ ತಾನೇ ಬಿಡುವು ಮಾಡ್ಕೊಂಡು ಬರೋದು? ಒಂದರಿಂದ ನಾಲ್ಕು ಬೇಡ ಅಂದ್ರೆ?"

"ಒಂದರಿಂದ ನಾಲ್ಕು ಮನುಷ್ಯ ಮಲಗೋ ಹೊತ್ತು," ಎಂದರು ಪಾಟಣಕರರು. ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಆ ಗಲ್ಲಿಯಲ್ಲಿ ಆ ಹೊತ್ತಿಗೆ ಔಷಧಿ ಅಂಗಡಿಯವನೂ ಶಟರ್ ಎಳೆದು ಮಲಗುತ್ತಾನೆ. ಕಾಯಿಲೆಯವರು ನಾಲ್ಕು ಗಂಟೆಯವರೆಗೆ ತಡೆದುಕೊಳ್ಳುತ್ತಾರೆ.

ಎರಡನೆಯದು ಶಾಸ್ತ್ರಾಭ್ಯಾಸ. ಫೋನಿನಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಮನೆ ಮಾರುವವರಿಗೆ ಉಪದೇಶ ಮಾಡುತ್ತಿದ್ದ. ಮನೆಯಲ್ಲಿ ಸಾಮಾನು ಕಡಿಮೆ ಕಾಣಬೇಕು. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಘಮ್ಮೆನ್ನುವ ವಾಸನೆ ಬರಬೇಕು. ಮಾಲೀಕರು ಆದಷ್ಟೂ ಕಡಿಮೆ ಮಾತಾಡಬೇಕು. ಈ ಕೊನೆಯ ಮಾತು ಬೇರೆ ಮಾಲೀಕರಿಗೆ ಹೇಳಿದ್ದು ಎಂದು ತೀರ್ಮಾನಿಸಿ, ಪಾಟಣಕರರು ಉಳಿದೆರಡನ್ನು ಚಾಚೂ ತಪ್ಪದೆ ಪಾಲಿಸಲು ಹೊರಟರು. ಉಪ್ಪಿನಕಾಯಿ ಭರಣಿ, ಹೊಲಿಗೆ ಯಂತ್ರ, ಹಿತ್ತಾಳೆ ಹಂಡೆ, ಎಲ್ಲವೂ ಎದುರು ಮನೆಯ ದಾಂಡೇಕರ ಕಾಕುವಿನ ಮನೆ ಸೇರಿದವು. ಪಾಪ, ಆ ಮುದುಕಿ ತನ್ನ ಮನೆಯಲ್ಲಿ ಪಕ್ಕಕ್ಕೆ ತಿರುಗಿ ನಡೆಯುವಂತಾಯಿತು.

ಮೊದಲ ಗಿರಾಕಿಗಳು ಸಾತಾರಾ ಕಡೆಯ ಗಂಡಹೆಂಡತಿ. ಭಾನುವಾರ ಬೆಳಗ್ಗೆ ಬರುವವರಿದ್ದರು. ಘಮ್ಮೆನ್ನಲು ಬ್ರೆಡ್ಡು ಬೇಯಿಸಿ ಎಂದಿದ್ದ ಫೋನಿನ ಹುಡುಗ. ಬ್ರೆಡ್ಡಂತೆ! ಕಾಂದಾ ಪೋಹೆಯ, ಅಂದರೆ ಈರುಳ್ಳಿ ಅವಲಕ್ಕಿಯ, ಒಗ್ಗರಣೆಯ ಮುಂದೆ ಬ್ರೆಡ್ಡು ಯಾವ ಲೆಕ್ಕ? ಸುಲಭಾಬಾಯಿ ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದರು. ಪಾಟಣಕರರು ತಾವೇ ಬಾಣಲೆ ಇಟ್ಟರು. ಎಣ್ಣೆ ಹೊಗೆಯಾಡುವವರೆಗೆ ಕಾದರು. ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಬಣ್ಣ ಬರಲಿ ಎಂದು ಒಂದು ಹಿಡಿ ಒಣಮೆಣಸಿನಕಾಯಿ, ಅದಕ್ಕೆ ಜೊತೆಯಾಗಲೆಂದು ಖಾರದಪುಡಿ!

ಇಡೀ ಕಟ್ಟಡ ಒಟ್ಟಿಗೆ ಕೆಮ್ಮಿತು. ಸಾತಾರಾದವರು ಆ ಮೋಡದೊಳಗೆ ಕಾಲಿಟ್ಟರು.

"ಇದು... ಹಾಲಾ?"

"ಹಾಲೇ. ಧಾರಾಳವಾಗಿ ಬನ್ನಿ. ಹಾಂ, ಅದು ಕಿಟಕಿ, ಮುಂದೆ ಹೋಗ್ಬೇಡಿ!"

"ಎಲ್ಲಿ ಕಿಟಕಿ?"

ಉತ್ತರಕ್ಕೆ ಅವರು ಕಾಯಲಿಲ್ಲ. ಗಂಡ ಕರವಸ್ತ್ರದಲ್ಲಿ, ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಮೂಗು ಸೊರಸೊರ ಎಳೆಯುತ್ತಾ ಮೆಟ್ಟಿಲಿಳಿದರು. ಕೆಳಗಿನವರು ನೋಡಿದ್ದು ಇಷ್ಟೇ: ಪಾಟಣಕರರ ಮನೆಯಿಂದ ಯಾರೋ ನೆಂಟರು ಅಳುತ್ತಾ ಹೋಗುತ್ತಿದ್ದಾರೆ. ಹತ್ತು ನಿಮಿಷದೊಳಗೆ ಬಾಗಿಲಲ್ಲಿ ಸಪ್ಪೆ ಮುಖಗಳು ಸಾಲುಗಟ್ಟಿದವು. ಎಲ್ಲರ ಮುಂದೆ ದಾಂಡೇಕರ ಕಾಕು.

"ಯಾವಾಗ ಆಯ್ತಪ್ಪಾ ಅರವಿಂದಾ?"

"ಈಗ ತಾನೇ ಕಾಕು," ಎಂದರು ಪಾಟಣಕರರು, ಕಣ್ಣೀರು ಸುರಿಸುತ್ತಾ. "ನನ್ನ ಕೈಯಿಂದಲೇ ಆಯ್ತು. ಎಣ್ಣೆ ಸ್ವಲ್ಪ ಜಾಸ್ತಿ ಕಾದಿತ್ತು."

ಕಾಕು ಅಲ್ಲೇ ಕುಸಿದು ಕೂತರು. ಆ ಹೊತ್ತಿಗೆ ಒದ್ದೆ ಕೂದಲು ಬಿಟ್ಟುಕೊಂಡು ಸುಲಭಾಬಾಯಿ ಹೊಗೆಯ ನಡುವಿನಿಂದ ಪ್ರತ್ಯಕ್ಷರಾದದ್ದು ಕಾಕುವಿನ ಎದೆಗೆ ಒಳ್ಳೆಯದಾಗಲಿಲ್ಲ. ಅವರಿಗೆ ನೀರು ಕುಡಿಸಿ, ಬೆನ್ನು ಸವರಿ, ಅರ್ಧ ಸೀದ ಪೋಹೆಯನ್ನೇ ತಿನ್ನಿಸಿ ಕಳಿಸಬೇಕಾಯಿತು.

ಆಮೇಲೆ ನಾಗಪುರದ ದೇವತಳೆ ಎಂಬುವರು ಬಂದರು. ಮನೆಯೂ ಹಿಡಿಸಿತ್ತು, ಬೆಲೆಯೂ ಹಿಡಿಸಿತ್ತು. ಇಂಥ ಗಿರಾಕಿ ಸಿಗಲು ಪುಣ್ಯ ಮಾಡಿರಬೇಕು. "ಚಹಾ ಕುಡ್ಕೊಂಡೇ ಬಂದಿರ್ತೀರಲ್ಲ?" ಎಂದು ಪಾಟಣಕರರು ಉಪಚಾರ ಮಾಡಿದ್ದನ್ನೂ ದೇವತಳೆ ನಗುತ್ತಲೇ ನುಂಗಿಕೊಂಡಿದ್ದರು.

"ಅಡುಗೆಮನೆ ಒಂಚೂರು ಚಿಕ್ಕದಾಯ್ತು, ಅಲ್ವಾ?" ಎಂದರು ಅವರು.

"ಅಡುಗೆಗೆ ಸಾಕು. ಕುಸ್ತಿ ಆಡೋರಿಗೆ ಚಿಕ್ಕದು."

"ಹ್ಹೆ ಹ್ಹೆ! ಅಲ್ಲ, ಈ ನಡುವಿನ ಗೋಡೆ ಒಡೆದುಬಿಟ್ರೆ ದೊಡ್ಡದಾಗುತ್ತೆ."

ಆ ಗೋಡೆಯ ಗೂಡಿನಲ್ಲಿ ಪಾಟಣಕರರ ಅಜ್ಜನ ಕಾಲದಿಂದ ಪ್ರತಿವರ್ಷ ಗಣಪತಿ ಕೂರುತ್ತಿದ್ದ.

"ಒಡೀಬಹುದು. ನಾನು ಸತ್ತ ಮೇಲೆ."

"ಅಂದ್ರೆ... ಅಲ್ಲೀವರೆಗೆ ನೀವೂ ಇಲ್ಲೇ ಇರ್ತೀರಾ?" ಎಂದು ದೇವತಳೆ ಗಾಬರಿಯಾಗಿ ಕೇಳಿದರು. ಅವರೂ ಮೆಟ್ಟಿಲಿಳಿದರು.

ಸುಲಭಾಬಾಯಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಪಾಟಣಕರರಿಗೆ ಅನುಕೂಲವಿತ್ತು, ತಾವೂ ಎರಡು ಮಾತು ತಿರುಗಿಸಬಹುದಿತ್ತು.

"ನಿಮಗೆ ಮಾರೋ ಮನಸ್ಸಿಲ್ಲ ರೀ," ಎಂದರು ಮೆಲ್ಲಗೆ.

"ಇದೆ! ಇಲ್ಲ ಅಂದೋರ್ಯಾರು?"

"ಬಾಯಲ್ಲಿದೆ. ಒಳಗಿಲ್ಲ. ಹುಟ್ಟಿದ ಮನೆ, ಕಷ್ಟ ಆಗುತ್ತೆ, ನನಗೆ ಗೊತ್ತಾಗಲ್ವಾ? ಬಿಡಿ, ಇಷ್ಟು ವರ್ಷ ಹತ್ತಿದ ಮೆಟ್ಟಿಲು, ಇನ್ನಷ್ಟು ದಿನ ಹತ್ತಿದ್ರಾಯ್ತು."

ಅದಾಗಿ ಎರಡು ದಿನಕ್ಕೆ ಹಾಲು ತರಲು ಹೊರಟ ಪಾಟಣಕರರು ಎರಡನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟರು. ಸುಲಭಾಬಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೂವು, ಮೆಂತ್ಯಸೊಪ್ಪಿನ ಚೀಲ. ಶ್ರಾವಣದ ಪೂಜೆಗೆ ಹೂವು ಬೇಕೆಂದು ಯಾರಿಗೂ ಹೇಳದೆ ಇಳಿದು ಹೋಗಿದ್ದರು. ಈಗ ಹತ್ತಲಾರದೆ ಎರಡೂ ಕೈಯಲ್ಲಿ ಮೊಣಕಾಲು ಒತ್ತಿಕೊಳ್ಳುತ್ತಿದ್ದರು.

"ಇಲ್ಲಿ ಯಾಕೆ ಕೂತೆ?"

"ಇಲ್ಲಿ ಗಾಳಿ ಚೆನ್ನಾಗಿದೆ."

ಆ ತಿರುವಿನಲ್ಲಿ ಕಿಟಕಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಪಾಟಣಕರರಿಗೆ ತಮ್ಮ ಮೇಲೆ ತಮಗೇ ನಾಚಿಕೆಯಾಯಿತು. ಗೋಡೆಗೆ ನೋವಾಗುತ್ತದೆಂದು ಕಾದಾಡಿದ ಮನುಷ್ಯ, ಕಟ್ಟಿಕೊಂಡವಳ ಕಾಲಿನ ನೋವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ! ಚೀಲ ಎತ್ತಿಕೊಂಡು, ಇನ್ನೊಂದು ಕೈಯನ್ನು ಹೆಂಡತಿಗೆ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿಸಿದರು.

ಅಂದೇ ಶಪಥವಾಯಿತು. ಇನ್ನು ಮೇಲೆ ಬಂದವರೊಡನೆ ಜೇನು ಸುರಿಸಿದ ಹಾಗೆ ಮಾತು! ಮೊದಲು ಬೋರ್ಡನ್ನೇ ಮೃದು ಮಾಡಬೇಕೆಂದು ಬ್ರಷ್ಷು ಹಿಡಿದು ಕೆಳಗಿಳಿದರು. ಒಂದಕ್ಷರವನ್ನೂ ಅಳಿಸಲು ಮನಸ್ಸು ಬರಲಿಲ್ಲ. ಪ್ರತಿ ವಾಕ್ಯದ ಹಿಂದೆ 'ದಯವಿಟ್ಟು' ಎಂದು ಸೇರಿಸಿ ಬಂದರು.

ಗಣಪತಿಗೆ ಇನ್ನು ಕೆಲವೇ ದಿನ. ಸಾಠೆಯವರ ಫೋನು ಎರಡು ಸಲ ಬಂದಿತ್ತು. ಶುಕ್ರವಾರ ಮಧ್ಯಾಹ್ನ ಹೋಳಿಗೆ ಊಟ ಮಾಡಿ, ಇವತ್ತು ಸಂಜೆ ಯಾರಾದರೂ ಬಂದರೆ ಏನೇನು ಸಿಹಿಮಾತು ಆಡಬೇಕೆಂದು ಅಭ್ಯಾಸ ಮಾಡುತ್ತಲೇ ಪಾಟಣಕರರು ನಿದ್ದೆಹೋದರು. ಎದ್ದಾಗ ಸರಿಯಾಗಿ ನಾಲ್ಕು. ಚಹಾ ಕುದಿಯುವ ವಾಸನೆ ಬರುತ್ತಿತ್ತು. ಮೇಜಿನ ಮೇಲೆ ಒಂದು ಪೇಡೆಯ ಡಬ್ಬಿ, ಪಕ್ಕದಲ್ಲಿ ತೆಂಗಿನಕಾಯಿ.

"ಇದೇನು? ಯಾರು ಬಂದಿದ್ರು?"

"ಮನೆ ಕೊಂಡೋರು."

"ಯಾವ ಮನೆ?"

"ಇದೇ ಮನೆ. ಮಾರಿಯಾಯ್ತು. ಪೇಡೆ ತಗೊಳ್ಳಿ."

ಪಾಟಣಕರರು ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುವ ಬದಲು ಕನ್ನಡಕದ ಡಬ್ಬಿಗೆ ಹಾಕಿಕೊಂಡರು.

"ಯಾವಾಗ ಬಂದಿದ್ರು?"

"ಎರಡು ಗಂಟೆಗೆ."

"ಎರಡಕ್ಕಾ! ಬೋರ್ಡ್ ಓದಲಿಲ್ವಾ?"

"ಓದಿದ್ರು. ಅದಕ್ಕೇ ಬೆಲ್ ಒತ್ತಲಿಲ್ಲ. ಕೊಡೆ ಒಣಗಿತಾ ನೋಡೋಣ ಅಂತ ನಾನು ಬಾಗಿಲು ತೆಗೆದ್ರೆ, ಮೆಟ್ಟಿಲ ಮೇಲೆ ಗಂಡಹೆಂಡ್ತಿ ಕೂತಿದ್ದಾರೆ. ಆ ಹುಡುಗಿ ಗೋಡೆಗೆ ಒರಗಿ ಗೊರಕೆ ಹೊಡೀತಿದ್ಳು! ಸಬ್ನೀಸ್ ಅಂತ, ಇಬ್ಬರೂ ಆಸ್ಪತ್ರೆ ಡಾಕ್ಟರು. ರಾತ್ರಿಪಾಳಿ. ಹಗಲು ಮಲಗಬೇಕು. ಈಗ ಇರೋ ಮನೆ ಪಕ್ಕದಲ್ಲೇ ಮದುವೆ ಹಾಲಂತೆ. ಮೂರು ವರ್ಷದಿಂದ ಬ್ಯಾಂಡು ಕೇಳಿ ಕೇಳಿ ಹುಚ್ಚು ಹಿಡಿಯೋದೊಂದು ಬಾಕಿ ಅಂದ ಪಾಪ, ಆ ಹುಡುಗ ನಚಿಕೇತ."

"ನನ್ನನ್ನ ಎಬ್ಬಿಸೋದಲ್ವಾ?"

"ಎಬ್ಬಿಸ್ತಿದ್ದೆ. ಅವರೇ ಕೈಮುಗಿದು ಬೇಡ ಅಂದ್ರು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಮನೆಯೆಲ್ಲಾ ನೋಡಿದ್ರು. ಹಾರ್ನ್ ಇಲ್ಲ, ಟಿವಿ ಇಲ್ಲ, ಕುಕ್ಕರ್ ಸೀಟಿ ಇಲ್ಲ. ಇಡೀ ಗಲ್ಲಿ ಮಲಗಿದೆ! ಅವನ ಹೆಂಡ್ತಿ ರೇವತಿಗಂತೂ ನಂಬೋಕ್ಕೇ ಆಗಲಿಲ್ಲ. 'ಕಾಕು, ದಿನಾ ಹೀಗೇನಾ?' ಅಂತ ನನ್ನನ್ನ ಮೂರು ಸಲ ಕೇಳಿದ್ಳು. ಆಮೇಲೆ ಈ ರೂಮಿಗೆ ಬಂದು ತುಂಬಾ ಹೊತ್ತು ನಿಂತು ನೋಡಿದ್ರು."

"ಈ ರೂಮಲ್ಲಿ ನೋಡೋದೇನಿದೆ?"

"ನಿಮ್ಮನ್ನ."

ಪಾಟಣಕರರು ಧೋತರ ಸರಿಪಡಿಸಿಕೊಂಡರು. "ಬಾಯಿ... ತೆರೆದಿತ್ತಾ?"

"ಅಗಲವಾಗಿ ತೆರೆದಿತ್ತು. ಆದ್ರೆ ಮಾತು ಬರ್ತಿರಲಿಲ್ಲ. ಅದೇ ನಮ್ಮ ಪುಣ್ಯ. 'ನೋಡು ರೇವತೀ, ಮನುಷ್ಯ ಹೀಗೆ ಮಲಗಬೇಕು' ಅಂತ ಆ ಹುಡುಗ ಹೆಂಡ್ತಿಗೆ ತೋರಿಸಿದ. ಅವನ ಕಣ್ಣಲ್ಲಿ ನೀರೇ ಬಂತು."

"ಬೆಲೆ? ಎಷ್ಟು ಇಳಿಸಿದೆ?"

"ಒಂದು ಪೈಸೆ ಇಳಿಸಿಲ್ಲ. ಪಿಸುಮಾತಲ್ಲಿ ಚೌಕಾಸಿ ಮಾಡೋಕ್ಕಾಗುತ್ತಾ? ನೀವು ಒಂದು ಸಲ ಮಗ್ಗುಲು ಬದಲಿಸಿದ್ರಿ ನೋಡಿ, ಎಲ್ಲಿ ಎದ್ದುಬಿಡ್ತೀರೋ ಅಂತ ಹೆದರಿ ತಕ್ಷಣ ಒಪ್ಪಿಬಿಟ್ರು. ಸಾಠೆಯವರಿಗೂ ಫೋನ್ ಮಾಡಿದೆ. ನಾಳೆ ಬೆಳಗ್ಗೆ ಬನ್ನಿ ಅಂದ್ರು."

ಪಾಟಣಕರರು ಪಕ್ಕದ ಗೋಡೆಯನ್ನೊಮ್ಮೆ ಸವರಿದರು. ಹುಟ್ಟಿದ ಮನೆ ಕೈಬಿಟ್ಟುಹೋಗಿತ್ತು. ಆದರೆ ಎದುರಿಗೆ ಸುಲಭಾಬಾಯಿ ಹುಡುಗಿಯ ಹಾಗೆ ನಗುತ್ತಿದ್ದರು. ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತೋ! ಮನಸ್ಸು ಹಗುರಾಯಿತು. ಮನಸ್ಸು ಹಗುರಾದ ಕೂಡಲೇ ಹಳೆಯ ಗತ್ತೂ ಮರಳಿ ಬಂತು. ಕನ್ನಡಕದ ಡಬ್ಬಿಯಿಂದ ಪೇಡೆ ತೆಗೆದು ಬಾಯಿಗೆ ಹಾಕಿಕೊಂಡು, ಮೀಸೆ ಒರೆಸಿಕೊಂಡರು.

"ನೋಡು ಸುಲಭಾ, ಮಾರೋದು ಬೇರೆ, ಕೊಳ್ಳೋದು ಬೇರೆ. ನಾಳೆ ಸಾಠೆ ಹತ್ತಿರ ಮಾತಿಗೆ ನಾನೇ ಬರ್ತೀನಿ. ಇಂಥ ವ್ಯವಹಾರದಲ್ಲಿ ಅನುಭವಸ್ಥರು ಜೊತೆಗಿರಬೇಕು."

"ಖಂಡಿತ ಬನ್ನಿ," ಎಂದರು ಸುಲಭಾಬಾಯಿ ಚಹಾ ಕೈಗೆ ಕೊಡುತ್ತಾ. "ದಿಂಬು ಮಾತ್ರ ಮರೀಬೇಡಿ."