ಹದಿನೇಳನೇ ಟೇಕಿಗೆ ಉತ್ತರ ಕೊಟ್ಟ ಅಣ್ಣ

ಸಿನಿಮಾದಲ್ಲಿ ಒಂದೇ ಒಂದು ಮಾತು ಹೇಳಲು ಒಪ್ಪಿಕೊಂಡು ನಾನು ಪಟ್ಟ ಪಾಡನ್ನು ಯಾರ ಹತ್ತಿರವೂ ಹೇಳಿಕೊಳ್ಳಬಾರದು ಎಂದುಕೊಂಡಿದ್ದೆ. ಹೇಳದೆಯೂ ಇರಲಾರೆ. ಮೊಳಕಾಲ್ಮೂರಿನಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ಗಿರಾಕಿಯ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲ ನಾನು, ಪಕ್ಕದಲ್ಲೇ ಇರುವ ಅಣ್ಣನೊಡನೆ ಒಂಬತ್ತು ವರ್ಷ ಮಾತಾಡಿರಲಿಲ್ಲ. ಅವ್ವನಿಗೆ ಕಾಯಿಲೆ ಜೋರಾದಾಗ ದಾವಣಗೆರೆಗೆ ಕರೆದೊಯ್ಯಬೇಕೆಂದು ನಾನು, ಈ ವಯಸ್ಸಿನಲ್ಲಿ ಸೂಜಿ ಚುಚ್ಚಿಸುವುದು ಬೇಡವೆಂದು ಅವನು. ಹಟದಲ್ಲಿ ನಾನೇ ಗೆದ್ದೆ. ಅವ್ವ ಆಸ್ಪತ್ರೆಯಲ್ಲೇ ತೀರಿಕೊಂಡಳು. "ಮನೇಲಿ ಕಣ್ಣು ಮುಚ್ಚೋಕೂ ಬಿಡ್ಲಿಲ್ಲ ನೀನು" ಎಂದ ಅಣ್ಣ. ವರ್ಷ ತುಂಬುವುದರೊಳಗೆ ಮನೆಯ ನಡುವೆ, ಹಿತ್ತಿಲಿನವರೆಗೂ ಗೋಡೆ ಎದ್ದಿತು. ಆಮೇಲೆ ಅವನಿಗೆ ಎದೆಯ ಆಪರೇಷನ್ ಆದದ್ದು ಕೂಡ ನನಗೆ ತಿಳಿದದ್ದು ಕಟಿಂಗ್ ಶಾಪಿನಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗ.

ಹೀಗಿರುವಾಗ ನಾಲ್ಕೈದು ಗೆಳೆಯರು ಸೇರಿ ಸಿನಿಮಾ ತೆಗೆಯುತ್ತಿದ್ದೇವೆಂದು ನಿರ್ದೇಶಕಿಯೊಬ್ಬಳು ಬಂದಳು. ಮಾತು ಬಿಟ್ಟ ಅಣ್ಣ ತಮ್ಮಂದಿರ ಕಥೆಯಂತೆ. ನಮ್ಮ ಹಿತ್ತಿಲ ಗೋಡೆ ಅವಳಿಗೆ ತುಂಬಾ ಹಿಡಿಸಿತು. ಅದರ ಜೊತೆಗೆ ನನ್ನ ಮುಖವೂ ಹಿಡಿಸಿತು. "ಸರ್, ನೀವು ಗೋಡೆ ಕಡೆ ತಿರುಗಿ 'ಅಣ್ಣಾ, ಊಟ ಆತಾ?' ಅಂದ್ರೆ ಸಾಕು" ಎಂದಳು. ಇಷ್ಟೇನಾ ಎಂದುಕೊಂಡು ಮೀಸೆಗೆ ಬಣ್ಣ ಹಚ್ಚಿಕೊಂಡು ನಿಂತೆ. ಮೊದಲ ಸಲ 'ಅಣ್ಣಾ' ಎಂದವನಿಗೆ ಮುಂದಿನದು ಹೊರಡಲಿಲ್ಲ. ಎರಡನೆಯ ಸಲ ಕೆಮ್ಮು ಬಂತು. ಹತ್ತನೆಯದಕ್ಕೆ ನನ್ನ ಹೆಂಡತಿ, "ಬೆಳಗ್ಗೆಯಿಂದ ಮೂರು ಪದ ಬರವಲ್ದು ನಿಮಗೆ" ಎಂದು ಒಳಗೆ ಹೋದಳು. ಹದಿನೇಳನೆಯ ಸಲ ಹೇಗೋ ಪೂರ್ತಿ ಹೇಳಿಬಿಟ್ಟೆ.

ಗೋಡೆಯಾಚೆಯಿಂದ ದನಿ ಬಂತು: "ಆತು ಕಣಲೇ! ಎಷ್ಟು ಸಲ ಕೇಳ್ತೀಯ?"

ನಿರ್ದೇಶಕಿ 'ಕಟ್' ಎನ್ನಲಿಲ್ಲ. ನಾನು ಗೋಡೆ ಹಿಡಿದು ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅಣ್ಣ ಬೀದಿ ಸುತ್ತಿಕೊಂಡು ಮುಂಬಾಗಿಲಿಗೇ ಬಂದ. ಬಹಳ ಇಳಿದುಹೋಗಿದ್ದ. ಯಾರನ್ನೂ ನೋಡದೆ ಅವ್ವನ ಕೋಣೆಗೆ ಹೋಗಿ ಮಂಚದ ಮೇಲೆ ಕೂತ. ಹಿಂದೆಯೇ ಹೋಗಿ, "ನೀನು ಹೇಳಿದ್ದೇ ಸರಿ ಇತ್ತಣ್ಣ. ಅವ್ವನ್ನ ಕರ್ಕೊಂಡು ಹೋಗಬಾರದಾಗಿತ್ತು" ಎಂದೆ.

"ಯಾರ್ದು ಸರಿಯೋ ಯಾರಿಗ್ಗೊತ್ತು? ನಾನೂ ಅದೇ ಊರಿಗೆ ಹೋಗಿ ಎದೆ ಕುಯ್ಸಿಕೊಂಡು ಬದುಕಿದೀನಲ್ಲ" ಎಂದವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು. ಹೊರಗೆ ಸಿನಿಮಾದವರು ಉಪ್ಪಿಟ್ಟು ತಿನ್ನುತ್ತಿದ್ದರು.

ಮೊನ್ನೆ ಚಳ್ಳಕೆರೆಯ ಸಭಾಭವನವೊಂದರಲ್ಲಿ ಆ ಸಿನಿಮಾ ತೋರಿಸಿದರು. ಅಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ತೆರೆಯ ಮೇಲೆ ನಾನು ಬಾಯಿ ತೆರೆದರೆ ಬೇರೆ ಯಾರದೋ ದನಿ! ನನ್ನದು ನಡುಗುತ್ತಿತ್ತೆಂದು ತೆಗೆದುಹಾಕಿದ್ದರು. ಅಣ್ಣನ ಉತ್ತರವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದರು. ಅದಕ್ಕೆ ಜನ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಬಿ.ಜಿ. ಕೆರೆ ಊರು ದಾಟುವವರೆಗೂ ಅಣ್ಣ ಹಿಂದಿನಿಂದ ಆ ಚಪ್ಪಾಳೆಯ ಸುದ್ದಿಯನ್ನೇ ಹೇಳಿದ. ನಾನು "ಹೂಂ, ಹೂಂ" ಎನ್ನುತ್ತಾ ಸ್ಕೂಟರ್ ಓಡಿಸಿದೆ. ಇಷ್ಟು ವರ್ಷದ ಮೇಲೆ ಸಿಕ್ಕ ಅಣ್ಣನ ಮೇಲೆ ಅಷ್ಟು ಬೇಗ ಹೊಟ್ಟೆಕಿಚ್ಚು ಪಡುವುದು ತಪ್ಪೆಂದು ಗೊತ್ತಿತ್ತು. ಆದರೂ ಸ್ವಲ್ಪ ಪಟ್ಟೆ.