ಕಾಲ್ಗುಣದ ಬ್ರಾಡ್‌ಬ್ಯಾಂಡ್

ಮನೆಮನೆಗೆ ಹೋಗಿ ಬೈಸಿಕೊಂಡು ಬರುವುದೇ ಕೆಲಸವಾಗಿರುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಅವನು ಹುಡುಕಿಕೊಂಡು ಹೋಗದಿದ್ದರೂ ಅವು ಗೇಟಿನಲ್ಲೇ ಕಾದು ನಿಂತಿರುತ್ತವೆ. ಎರಡು ಸಾವಿರದ ಏಳು-ಎಂಟರ ಸುಮಾರಿಗೆ ನಾನು ಶಿವಮೊಗ್ಗದ ಒಂದು ಖಾಸಗಿ ಇಂಟರ್ನೆಟ್ ಕಂಪನಿಯಲ್ಲಿ ಲೈನ್ ರಿಪೇರಿಯವನಾಗಿದ್ದೆ. ಕಂಪನಿ ಎಂದರೆ ಮಹಡಿಯ ಮೇಲೆ ಎರಡು ಕೋಣೆ, ಒಂದು ಎಸಿ. ಎಸಿ ಯಂತ್ರಗಳಿಗೆ, ಫ್ಯಾನು ನಮಗೆ. ಅಲ್ಲಿಂದ ಹೊರಟ ಕೇಬಲ್ಲು ಕಂಬದಿಂದ ಕಂಬಕ್ಕೆ ಹಾರಿ ಭದ್ರಾವತಿಯವರೆಗೂ ಹೋಗಿತ್ತು. ಇಂಟರ್ನೆಟ್ಟು ಮಾತ್ರ ಅಷ್ಟು ದೂರ ಹೋಗಲು ಬೇಜಾರುಪಟ್ಟುಕೊಳ್ಳುತ್ತಿತ್ತು.

ಬೀಗ

ಕೆಲಸಕ್ಕೆ ಸೇರಿದ ದಿನವೇ ಓನರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿ ಕಂಪನಿಯ ಗುಟ್ಟು ಹೇಳಿಕೊಟ್ಟರು. ನಾವು ಒಂದು ಬೀದಿಗೆ ಸಾಲುವಷ್ಟು ಇಂಟರ್ನೆಟ್ಟು ತಂದು ಎರಡು ಊರಿಗೆ ಹಂಚಿದ್ದೆವು. ಹಾಗಾಗಿ ಯಾವ ಮನೆಯವರು ಸ್ವಲ್ಪ ಜಾಸ್ತಿ ಬಳಸುತ್ತಾರೋ ಅವರ ಹೆಸರಿನ ಮುಂದೆ ಆಫೀಸಿನ ಆಪರೇಟರ್ ಹುಡುಗಿ ಒಂದು ಗುಂಡಿ ಒತ್ತುತ್ತಿದ್ದಳು. ಒತ್ತಿದರೆ ಆ ಮನೆಯ ವೇಗ ಎಂಟರಲ್ಲೊಂದು ಪಾಲಿಗೆ ಇಳಿಯುತ್ತಿತ್ತು. ಆಫೀಸಿನಲ್ಲಿ ಅದಕ್ಕೆ ಬೀಗ ಎಂದು ಹೆಸರು.

ಬೀಗ ಬಿದ್ದ ಮನೆಯವರು ಫೋನ್ ಮಾಡಿ ಬೈಯುತ್ತಾರೆ. ಆಗ ನಾನು ಹೋಗಬೇಕು. ಮೋಡೆಮ್ಮಿನ ವೈರು ಕಿತ್ತು ಊದಿ ಮತ್ತೆ ಸಿಕ್ಕಿಸಬೇಕು. "ಆಫೀಸಿಗೆ ಒಂದು ಮಾತು ಕೇಳ್ತೀನಿ" ಎಂದು ಮೊಬೈಲಿನಲ್ಲಿ ಹುಡುಗಿಗೆ ಹೇಳಿದರೆ ಅವಳು ಬೀಗ ತೆಗೆಯುತ್ತಾಳೆ. ಮನೆಯವರ ಕಣ್ಣೆದುರಿಗೇ ಒಂದು ಹಾಡು ಎರಡೇ ನಿಮಿಷದಲ್ಲಿ ಇಳಿಯುತ್ತದೆ. ಅವರು ಖುಷಿಯಲ್ಲಿ "ದೂರು ಪರಿಹಾರವಾಗಿದೆ" ಎಂಬ ಫಾರಂಗೆ ಸಹಿ ಹಾಕುತ್ತಾರೆ. ನಾನು ಬೀದಿಯ ತಿರುವು ದಾಟಿ ಮತ್ತೆ ಫೋನ್ ಮಾಡಿದರೆ ಬೀಗ ವಾಪಸ್ ಬೀಳುತ್ತದೆ.

"ಈ ವಿಷಯ ಹೊರಗೆ ಹೋಯ್ತೋ, ಮಾರನೇ ದಿನದಿಂದ ನೀನೂ ಹೊರಗೆ" ಎಂದರು ಓನರ್. ತಂಗಿಯ ಓದು, ಅಮ್ಮನ ಔಷಧಿ ಎಲ್ಲ ನನ್ನ ಮೇಲಿತ್ತು. ತಲೆ ಆಡಿಸಿದೆ. ಆದರೂ ತಡೆಯಲಾರದೆ, "ಬೋರ್ಡಲ್ಲಿ ಅನ್‌ಲಿಮಿಟೆಡ್ ಅಂತ ಬರೆಸಿದ್ದೀವಲ್ಲ ಸರ್" ಎಂದೆ.

"ಹೌದಲ್ಲ. ಎಷ್ಟು ಹೊತ್ತು ಬೇಕಾದ್ರೂ ಕಾಯಬಹುದು. ಯಾರು ಬೇಡ ಅಂದೋರು?"

ಚಪ್ಪಲಿ

ಶಿವಮೊಗ್ಗದ ಆಲ್ಕೊಳ ಬಡಾವಣೆಯಲ್ಲಿ ಒಬ್ಬರು ರಿಟೈರ್ಡ್ ಮೇಡಂ ಇದ್ದರು. ಮೂವತ್ತು ವರ್ಷ ಸ್ಕೂಲಿನಲ್ಲಿ ಪಾಠ ಹೇಳಿದ ಗಂಟಲು. ಫೋನಿನಲ್ಲಿ ಬೈದರೆ ರಿಸೀವರ್ ಕೆಳಗಿಟ್ಟರೂ ಕೇಳುತ್ತಿತ್ತು. ಅವರಿಗೆ ಕಂಪ್ಯೂಟರಿನಲ್ಲಿ ಪ್ರವಚನ ನೋಡುವ ಅಭ್ಯಾಸ. ಬೀಗ ಬಿದ್ದ ಮೇಲೆ ಸ್ವಾಮಿಗಳು ಬಾಯಿ ತೆರೆದು ನಿಂತರೆ ಮುಚ್ಚುವುದಕ್ಕೆ ಐದು ನಿಮಿಷ ಬೇಕಾಗುತ್ತಿತ್ತಂತೆ.

ಮೂರನೇ ಸಲ ನಾನು ಹೋದಾಗ ಅವರು ಬೈಯಲಿಲ್ಲ. ನನ್ನನ್ನೇ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅಲ್ಲ ಮಾರಾಯ, ನೀನು ಹೊಸಿಲು ದಾಟಿದ ತಕ್ಷಣ ಓಡುತ್ತೆ, ನೀನು ಹೋದ ತಕ್ಷಣ ನಿಲ್ಲುತ್ತೆ. ಪ್ರತಿ ಸಲವೂ ಇದೇ ಕಥೆ. ನಿಂದು ಒಳ್ಳೇ ಕಾಲ್ಗುಣ ಕಣೋ."

ನಿಜ ಹೇಳಿದರೆ ಕೆಲಸ ಹೋಗುತ್ತದೆ. "ಎಲ್ಲ ನಿಮ್ಮ ಆಶೀರ್ವಾದ" ಎಂದೆ.

ಮೇಡಂ ಮಹಿಳಾ ಸಮಾಜದ ಕಾರ್ಯದರ್ಶಿ ಬೇರೆ. ಸುದ್ದಿ ಹಬ್ಬಲು ಇಂಟರ್ನೆಟ್ಟಿನ ಅವಶ್ಯಕತೆಯೇ ಬೀಳಲಿಲ್ಲ. ಒಂದೇ ವಾರದಲ್ಲಿ ಆಲ್ಕೊಳದಿಂದ ಬರುವ ಫೋನುಗಳ ದನಿಯೇ ಬದಲಾಯಿತು. ಲೈನ್ ರಿಪೇರಿ ಮಾಡಿ ಎನ್ನುವವರಿಲ್ಲ, "ಆ ಕಾಲ್ಗುಣದ ಹುಡುಗನ್ನ ಒಂದು ಸಲ ಕಳಿಸಿಕೊಡಿ" ಎನ್ನುವವರೇ ಎಲ್ಲ. ಹೋದಲ್ಲೆಲ್ಲ ಬಲಗಾಲು ಮುಂದಿಡಿಸಿ ಒಳಗೆ ಕರೆದರು. ಕಾಫಿ, ಉಪ್ಪಿಟ್ಟು, ಕೋಡುಬಳೆ. ಮೂರು ತಿಂಗಳಲ್ಲಿ ನನ್ನ ಪ್ಯಾಂಟು ಬಿಗಿಯಾಯಿತು. ಓನರ್ ಮಾತ್ರ ನೆಮ್ಮದಿಯಾಗಿದ್ದರು. ತಪ್ಪು ಕಂಪನಿಯದಲ್ಲ, ಗ್ರಹಚಾರದ್ದು ಎಂದು ಗಿರಾಕಿಗಳೇ ತೀರ್ಮಾನಿಸಿದ ಮೇಲೆ ಅವರಿಗೇನು ಚಿಂತೆ?

ಒಂದು ದಿನ ಮೇಡಂ ಗೇಟಿನ ತನಕ ಬಂದು, "ನಿನಗೆ ದಿನಾ ಬರೋಕ್ಕಾಗಲ್ಲ, ಪಾಪ. ಚಪ್ಪಲಿಯಾದ್ರೂ ಬಿಟ್ಟು ಹೋಗು" ಎಂದರು. ತಮಾಷೆ ಎಂದುಕೊಂಡೆ. ಅವರು ಆಗಲೇ ಮೋಡೆಮ್ ಇಟ್ಟ ಮೇಜಿನ ಕೆಳಗೆ ಪೇಪರ್ ಹಾಸಿಟ್ಟಿದ್ದರು. ಬರಿಗಾಲಲ್ಲಿ ಸ್ಕೂಟರಿನ ಕಿಕ್ಕರ್ ಒದ್ದು ಆಫೀಸಿಗೆ ಬಂದೆ.

ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ಏನೂ ಪ್ರಯೋಜನ ಆಗ್ಲಿಲ್ಲ ಕಣೋ. ಹಿಮ್ಮಡಿ ಹತ್ರ ನೋಡಿದೆ, ಗುಣ ಎಲ್ಲ ಸವೆದು ಹೋಗಿದೆ. ಹೊಸಾದು ತಗೊಂಡು ನಾಲ್ಕು ದಿನ ಹಾಕ್ಕೊಂಡು ಓಡಾಡಿ ತಂದುಕೊಡು."

ನಂಬದವರು

ಶಂಕರಘಟ್ಟದ ಯೂನಿವರ್ಸಿಟಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಒಬ್ಬ ಪ್ರೊಫೆಸರ್ ನಮ್ಮ ಗಿರಾಕಿಯಾಗಿದ್ದರು. ವಿಜ್ಞಾನದವರು. ಮೂಢನಂಬಿಕೆ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಕೀರ್ತಿ ಅವರ ಮನೆಯನ್ನೂ ಮುಟ್ಟಿತ್ತು. ಅವರ ಹೆಂಡತಿ ಬಾಗಿಲಲ್ಲೇ "ಬಲಗಾಲು, ಬಲಗಾಲು" ಎಂದಾಗ ಪ್ರೊಫೆಸರ್ ಓಡಿ ಬಂದು ನನ್ನನ್ನು ತಡೆದರು.

"ಎಡಗಾಲು ಇಡ್ರೀ. ಇವತ್ತು ಈ ಪ್ರಶ್ನೆ ಇತ್ಯರ್ಥ ಆಗಿಬಿಡಲಿ."

ಎಡಗಾಲಿಟ್ಟು ಹೋದೆ. ಫೋನ್ ಮಾಡಿದೆ, ಬೀಗ ತೆಗೆಸಿದೆ, ನೆಟ್ ಓಡಿತು. ಅವರು ಹೆಂಡತಿಯ ಮುಖ ನೋಡಿ ನಕ್ಕರು. ಆಮೇಲೆ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಹೋಗಿ ನೋಡಿದರು. ಬೀಗ ಹಾಕಲು ನಾನಿನ್ನೂ ಫೋನ್ ಮಾಡಿರಲಿಲ್ಲವಲ್ಲ, ಓಡುತ್ತಲೇ ಇತ್ತು. "ನೋಡಿದ್ಯಾ? ಮನುಷ್ಯ ಹೊರಗೆ, ವೇಗ ಒಳಗೆ. ಪ್ರಯೋಗದಿಂದ ಸಾಬೀತಾಯ್ತು" ಎಂದು ಹೆಂಡತಿಗೆ ಕೂಗಿ ಹೇಳಿ, ಫಾರಂಗೆ ಸಹಿ ಹಾಕಿ, ನನ್ನ ಬೆನ್ನು ತಟ್ಟಿ ಕಳಿಸಿದರು. ನಾನು ತಿರುವಿನಲ್ಲಿ ನಿಂತು ಆಫೀಸಿಗೆ ಫೋನ್ ಮಾಡಿದೆ.

ಶುಕ್ರವಾರ ನನ್ನ ಸ್ವಂತ ನಂಬರಿಗೆ ಅವರ ಫೋನ್ ಬಂತು. ದನಿ ಬಹಳ ತಗ್ಗಿತ್ತು.

"ನೋಡಪ್ಪ, ನಾನು ಇದನ್ನೆಲ್ಲ ನಂಬೋನಲ್ಲ. ಆದ್ರೂ ಭಾನುವಾರ ಒಂದು ಸಲ ಬಂದು ಹೋಗು. ನಮ್ಮನೆಯೋಳು ದೇವಸ್ಥಾನಕ್ಕೆ ಹೋಗಿರ್ತಾಳೆ. ಬರುವಾಗ ಹಿತ್ತಲ ಬಾಗಿಲಿಂದ ಬಾ."

ಭದ್ರಾವತಿಯ ಫೋರ್‌ಮನ್

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಫೋರ್‌ಮನ್ ಇದ್ದರು. ಮೆತ್ತಗಿನ ಮನುಷ್ಯ. ಅವರ ಮನೆಗೆ ನಾಲ್ಕನೇ ಸಲ ಹೋದಾಗ ಮಧ್ಯಾಹ್ನ ಒಂದೂವರೆ. ನಾನು ಬೀಗ ತೆಗೆಸಿ ಫಾರಂ ಮುಂದೆ ಹಿಡಿದೆ. ಅವರು ಸಹಿ ಹಾಕಲಿಲ್ಲ, ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿದರು.

"ಶಿವಮೊಗ್ಗದಲ್ಲಿ ಇದಕ್ಕೆ ಕಾಲ್ಗುಣ ಅಂತಾರಂತೆ. ನಾನು ಕುಲುಮೆ ಕಾಯ್ದವನು ತಮ್ಮಾ. ಗಂಟೆಗೊಂದು ಸಲ ಶಾಖ ಬರೆದಿಟ್ಟು ಅಭ್ಯಾಸ. ಇಲ್ಲೂ ಬರೆದಿಟ್ಟಿದ್ದೀನಿ. ನೀನು ಮನೆಯಿಂದ ಹೋದಾಗ ವೇಗ ಇಳಿಯಲ್ಲ. ನೀನು ಆ ಮೂಲೆಯಲ್ಲಿ ನಿಂತು ಫೋನ್ ಮಾಡ್ತೀಯಲ್ಲ, ಆಗ ಇಳಿಯುತ್ತೆ. ಮಹಡಿಯಿಂದ ಎಲ್ಲ ಕಾಣುತ್ತೆ."

ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಕಂಪ್ಯೂಟರ್ ಮುಂದೆ ಕೂತಿದ್ದ ಮಗಳ ಕಡೆ ಕೈ ತೋರಿಸಿದರು.

"ನಾನು ಯಾರಿಗೂ ಹೇಳಲ್ಲ. ಇವಳದು ಬ್ಯಾಂಕ್ ಪರೀಕ್ಷೆಗೆ ಅರ್ಜಿ. ಇವತ್ತು ಐದು ಗಂಟೆಗೆ ಕೊನೆ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತೆ. ಎರಡು ದಿನದಿಂದ ಫೋಟೋ ಹತ್ತೋದೇ ಇಲ್ಲ. ಅದು ಮುಗಿಯೋ ತನಕ ನೀನು ಆ ಫೋನ್ ಮಾಡಬೇಡ, ಅಷ್ಟೇ."

"ಸೈಬರ್ ಕೆಫೆಯಲ್ಲಿ ನೋಡಲಿಲ್ವಾ ಅಂಕಲ್?"

"ಊರಿನ ಎರಡು ಕೆಫೆಗೂ ನಿಮ್ಮದೇ ಲೈನು ತಮ್ಮಾ."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಜನರ ಕಾಫಿ ಕುಡಿದು ಅವರಿಗೇ ಬೀಗ ಹಾಕಿಸಿ ಬರುತ್ತಿದ್ದವನು ನಾನು. ಫಾರಂ ಮಡಚಿ ಜೇಬಿಗಿಟ್ಟು ಕುರ್ಚಿಯಲ್ಲಿ ಕೂತೆ.

ಬೀಗ ತೆಗೆದರೂ ಕೆಲಸ ಸುಲಭವಿರಲಿಲ್ಲ. ಕೊನೆಯ ದಿನ, ದೇಶಕ್ಕೆ ದೇಶವೇ ಆ ವೆಬ್‌ಸೈಟಿಗೆ ನುಗ್ಗಿತ್ತು. ಫೋಟೋ ಅರ್ಧ ಹತ್ತುವುದು, ಬೀಳುವುದು, ಮತ್ತೆ ಮೊದಲಿನಿಂದ ಹೆಸರು, ತಂದೆಯ ಹೆಸರು. ಎರಡೂವರೆಗೆ ಓನರ್ ಫೋನ್ ಬಂತು. "ಏನಯ್ಯಾ, ಇನ್ನೂ ಸಹಿ ಆಗ್ಲಿಲ್ವಾ? ಬೀಗ ಹಾಕಬೇಕು."

ನನ್ನ ಬಾಯಿಗೆ ಬಂದದ್ದು, "ಪಾರ್ಟಿ ಜಗಳ ಮಾಡ್ತಿದ್ದಾರೆ ಸರ್." ಹೇಳಿ ಫೋರ್‌ಮನ್ ಕಡೆ ಕೈಸನ್ನೆ ಮಾಡಿದೆ. ಪಾಪ, ಬೈದು ಗೊತ್ತಿಲ್ಲದ ಮನುಷ್ಯ. ಫೋನಿನ ಹತ್ತಿರ ಬಂದು, "ಏನ್ರೀ ಇದು, ನಿಮ್ಮ ಕಂಪ್ನಿ ಸರಿ ಇಲ್ಲ" ಎಂದು, ಬಾಯಿಗೆ ಕೈ ಅಡ್ಡ ಹಿಡಿದು "ಸಾಕಾ?" ಎಂದು ನನ್ನನ್ನೇ ಕೇಳಿದರು.

ಮೂರೂವರೆಗೆ ಮತ್ತೆ ಫೋನ್. ಈ ಸಲ ಅವರ ಹೆಂಡತಿ ಎದ್ದು ಬಂದರು. ಆ ಅಮ್ಮ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಶುರುಮಾಡಿದರೆ ಓನರ್ ಉಸಿರೇ ಕೇಳಿಸಲಿಲ್ಲ. ಬೈಗುಳದ ಮಧ್ಯೆಯೇ ನನ್ನ ಮುಂದೆ ತಟ್ಟೆ ಇಟ್ಟು, "ನೀ ಸಾಪ್ಡು ಪಾ" ಎಂದು ಸಾರು ಬಡಿಸಿದರು. ನಾನು ತುತ್ತು ಬಾಯಿಗಿಟ್ಟುಕೊಂಡೇ "ಕೇಳಿಸ್ತಾ ಸರ್, ತುಂಬಾ ಕಷ್ಟ ಇದೆ ಇಲ್ಲಿ" ಎಂದೆ.

ನಾಲ್ಕು ಗಂಟೆಯ ಫೋನಿಗೆ ಫೋರ್‌ಮನ್ ತಾವೇ ಕೈ ಚಾಚಿದರು. ಅಷ್ಟು ಹೊತ್ತಿಗೆ ಫೋಟೋ ಹನ್ನೊಂದನೇ ಸಲ ಬಿದ್ದಿತ್ತು, ಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನಿಮಗೆ ಮನೆಯಲ್ಲಿ ಮಕ್ಕಳಿದ್ದಾರೇನ್ರೀ?" ಎಂದರು. ದನಿ ಏರಿರಲಿಲ್ಲ. "ಕೊಡೋಕ್ಕಾಗಲ್ಲ ಅಂದ್ರೆ ಆಗಲ್ಲ ಅನ್ನಿ. ಕೊಟ್ಟಂಗೆ ಮಾಡಿ ಕಿತ್ಕೋಬೇಡಿ." ಅದು ನಾಟಕವಾಗಿರಲಿಲ್ಲ, ನನಗೂ ತಾಗಿತು. ಓನರ್‌ಗೆ ಏನು ತಾಗಿತೋ, ಲೈನ್ ಕಟ್ ಮಾಡುವ ಮೊದಲು ಒಂದೇ ಮಾತು ಹೇಳಿದರು. "ಇರಿ, ನಾನೇ ಬರ್ತೀನಿ."

ಶಿವಮೊಗ್ಗದಿಂದ ಭದ್ರಾವತಿಗೆ ಕಾರಿನಲ್ಲಿ ಅರ್ಧ ಗಂಟೆ. ನಾಲ್ಕೂ ಮೂವತ್ತೈದಕ್ಕೆ ಓನರ್ ಬಂದಿಳಿದರು. ಆ ಅಮ್ಮ ಏನೂ ಆಗದವರಂತೆ "ಬನ್ನಿ, ಬನ್ನಿ" ಎಂದು ಕಂಪ್ಯೂಟರ್ ಪಕ್ಕದಲ್ಲೇ ಕುರ್ಚಿ ಹಾಕಿ ಟೀ ಕೊಟ್ಟರು. ಓನರ್ ಟೀ ಕಪ್ಪು ತುಟಿಗಿಟ್ಟಿದ್ದರು ಅಷ್ಟೆ, ಪರದೆಯ ಮೇಲೆ ಫೋಟೋ ಪಟ್ಟನೆ ಬಂದು ಕೂತಿತು. ಹಿಂದೆಯೇ ಸಹಿ ಬಂತು. ಹಿಂದೆಯೇ ಅರ್ಜಿಯ ನಂಬರ್ ಬಂತು. ನಾಲ್ಕೂ ಐವತ್ತೆರಡು. ಮಗಳು ಪ್ರಿಂಟ್ ತೆಗೆದು ಎದೆಗೊತ್ತಿಕೊಂಡಳು. ಫೋರ್‌ಮನ್ ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು.

ಆದದ್ದಿಷ್ಟು. ಓನರ್ ಖುದ್ದು ಭದ್ರಾವತಿಗೆ ಹೊರಟರೆಂದು ಗೊತ್ತಾಗಿ ಆಪರೇಟರ್ ಹುಡುಗಿ ಗಾಬರಿಯಾಗಿದ್ದಳು. ಯಾವ ಮನೆಗೆ ಹೋಗುತ್ತಾರೋ, ಎಲ್ಲಿ ಕೂರುತ್ತಾರೋ, ಯಾಕೆ ಬೇಕು ತಂಟೆ ಎಂದು ಶಿವಮೊಗ್ಗಕ್ಕೆಲ್ಲ ಬೀಗ ಜಡಿದು, ಭದ್ರಾವತಿಗೆ ಭದ್ರಾವತಿಯ ಬೀಗವನ್ನೇ ತೆಗೆದುಬಿಟ್ಟಿದ್ದಳು. ಎರಡು ಊರಿನ ಇಂಟರ್ನೆಟ್ಟು ಒಂದೇ ಊರಿಗೆ ಹರಿದಿತ್ತು.

ಓನರ್ ಕಪ್ಪು ಕೆಳಗಿಟ್ಟು ಜಂಬದಿಂದ ಕೇಳಿದರು. "ನೋಡಿದ್ರಾ? ನಮ್ಮ ಲೈನಲ್ಲಿ ಏನಾದ್ರೂ ತೊಂದ್ರೆ ಇದೆಯಾ?"

"ಇಲ್ಲ ಸರ್" ಎಂದರು ಫೋರ್‌ಮನ್, ಫಾರಂಗೆ ಸಹಿ ಹಾಕುತ್ತ. "ನೀವು ಬಂದ ಮೇಲೆ ಇಲ್ಲ."

ಅಷ್ಟರಲ್ಲಿ ಪಕ್ಕದ ಮನೆಯವರು, ಎದುರು ಮನೆಯವರು, ಕೆಫೆಯವನು ಒಬ್ಬೊಬ್ಬರಾಗಿ ಕಾಂಪೌಂಡಿಗೆ ಬಂದರು. "ನಮ್ಮನೆ ನೆಟ್ಟು ಕುದುರೆ ಥರ ಓಡ್ತಿದೆ. ಆ ಕಾಲ್ಗುಣದ ಹುಡುಗ ಬಂದಿದ್ದಾನಾ?" ಫೋರ್‌ಮನ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಓನರ್ ಹೆಗಲ ಮೇಲೆ ಕೈಯಿಟ್ಟು, ಮಾತಿನಲ್ಲಿ ಒಂದಿಷ್ಟೂ ನಗುವಿಲ್ಲದೆ ಹೇಳಿದರು. "ಅವನು ಮಧ್ಯಾಹ್ನದಿಂದ ಇಲ್ಲೇ ಇದ್ದಾನೆ, ಏನೂ ಆಗ್ಲಿಲ್ಲ. ಈಗ ಬಂದಿರೋದು ಇವರು."

ಓನರ್‌ಗೆ ಅದು ಹೊಗಳಿಕೆ ಎನಿಸಿತು. ಎಲ್ಲರಿಗೂ ಕೈ ಮುಗಿದು, ನನ್ನನ್ನು ಬೈಯುವುದನ್ನೂ ಮರೆತು ಕಾರು ಹತ್ತಿದರು. ಶಿವಮೊಗ್ಗ ತಲುಪಿದ ಮೇಲೆ ಬೀಗ ಹಾಕಿಸಿದರು.

ಮರುದಿನ ಬೆಳಿಗ್ಗೆ ಒಂಬತ್ತರಿಂದ ಆಫೀಸಿನ ಫೋನು ಬಾಯಿ ಮುಚ್ಚಲಿಲ್ಲ. ಎಲ್ಲ ಭದ್ರಾವತಿಯವೇ. ಹುಡುಗಿ ಎತ್ತಿ ಎತ್ತಿ ಸುಸ್ತಾದಳು. ಕೊನೆಗೆ ಓನರ್ ರೇಗಿ ತಾವೇ ರಿಸೀವರ್ ಕಿತ್ತುಕೊಂಡರು. ಆ ಕಡೆಯ ಹೆಂಗಸಿನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಆ ಸ್ಕೂಟರ್ ಹುಡುಗ ಬೇಡ ಕಣ್ರೀ, ಅವನ ಗುಣ ಎಲ್ಲ ಮುಗಿದು ಹೋಗಿದೆಯಂತೆ. ನಿನ್ನೆ ಕಾರಲ್ಲಿ ಬಂದಿದ್ರಲ್ಲ, ದಪ್ಪಗೆ, ನಿಮ್ಮ ಓನರ್ರು. ಅವರನ್ನೇ ಕಳಿಸಿ. ಊಟ ನಮ್ಮನೆಯಲ್ಲೇ ಆಗ್ಲಿ. ನಮ್ಮ ಬೀದಿಯಲ್ಲಿ ಇನ್ನೂ ಒಂಬತ್ತು ಮನೆಯವರು ಕಾಯ್ತಿದ್ದಾರೆ."

ಓನರ್ ನನ್ನ ಕಡೆ ನೋಡಿದರು, ಹುಡುಗಿಯ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದರು.

"ಓನರ್ ಊರಲ್ಲಿ ಇಲ್ಲಮ್ಮ."