ನೀರಿಲ್ಲ ಎನ್ನುವಂತಿಲ್ಲ

೧. ಕಾರ್ಡು

ಕೆಲಸಕ್ಕೆ ಸೇರಿದ ದಿನವೇ ಒಂದು ಡಬ್ಬಿ ವಿಸಿಟಿಂಗ್ ಕಾರ್ಡು ಕೊಟ್ಟರು. ವಿಮಾ ಕಚೇರಿಯಲ್ಲಿ ಅಷ್ಟು ವರ್ಷ ದುಡಿದಾಗ ಒಂದೂ ಕೊಟ್ಟಿರಲಿಲ್ಲ. ನಿವೃತ್ತನಾಗಿ ಈ ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದೆ. ಮದ್ರಾಸು ಚೆನ್ನೈ ಆಗಿ ಕೆಲವು ವರ್ಷವಾಗಿತ್ತು. ಎಲ್ಲಕ್ಕೂ ಹೊಸ ಹೆಸರಿಡುವ ಕಾಲ.

ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ವರ್ಕ್‌ಪ್ಲೇಸ್ ಎಕ್ಸ್‌ಪೀರಿಯನ್ಸ್ ಎನೇಬ್ಲರ್’ ಎಂದಿತ್ತು. ವಡಪಳನಿಯ ಮನೆಗೆ ಬಂದು ಹೆಂಡತಿಗೆ ತೋರಿಸಿದೆ.

“ಹಾಗಂದ್ರೇನು?”

“ಗೊತ್ತಿಲ್ಲ.”

“ಮತ್ತೆ ಕೆಲಸ ಏನಂತೆ?”

“ದೀಪ, ನೀರು, ಕಕ್ಕಸು.”

“ಮನೇಲಿ ಆ ಮೂರನ್ನೂ ನಾನೇ ನೋಡ್ಕೋತೀನಿ,” ಎಂದಳು. “ನಂಗೆ ಯಾರೂ ಕಾರ್ಡು ಕೊಡ್ಲಿಲ್ಲ.”

೨. ಟೋಪಿ

ಆ ಬೇಸಿಗೆಯಲ್ಲಿ ಆಫೀಸಿನ ಬೋರು ಬತ್ತಿತು. ದಿನಕ್ಕೊಂದು ನೀರಿನ ಲಾರಿ ಬರುತ್ತಿತ್ತು. ಮಧ್ಯಾಹ್ನಕ್ಕೆ ಸಂಪು ಖಾಲಿ. ಆಮೇಲೆ ಕಕ್ಕಸು ತೊಳೆಯುವ ಆಯಮ್ಮ ಬೀದಿಯ ಕೈಪಂಪಿನಿಂದ ಪ್ಲಾಸ್ಟಿಕ್ ಕೊಡ ಹೊತ್ತು ಮೂರು ಮಹಡಿ ಹತ್ತಬೇಕು.

ಆಯಮ್ಮ ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದಳು. “ಇನ್ನೊಂದು ಲಾರಿ ತರಿಸಿ ಸಾರ್. ಇಲ್ಲಾಂದ್ರೆ ಒಂದನೇ ತಾರೀಖಿಂದ ನಾನು ಬರೋದಿಲ್ಲ.”

ಅವಳು ಹೋದರೆ ಕೊಡ ಹೊರುವವನು ನಾನು. ಕೂಡಲೇ ಮ್ಯಾನೇಜರ್ ಬಳಿ ಹೋದೆ. ನನ್ನ ಮಗನಿಗಿಂತ ಚಿಕ್ಕವನು.

“ನೀರಿಲ್ಲ. ಇನ್ನೊಂದು ಲಾರಿ ಬೇಕು. ದೊಡ್ಡ ಪ್ರಾಬ್ಲಮ್.”

ಅವನ ಮುಖ ಕಪ್ಪಿಟ್ಟಿತು. ನೀರಿಗಾಗಿ ಅಲ್ಲ. ನಮ್ಮಲ್ಲಿ ಪ್ರಾಬ್ಲಮ್ ಎನ್ನಬಾರದು, ಆಪರ್ಚುನಿಟಿ ಎನ್ನಬೇಕು ಎಂದು ಬೊಂಬಾಯಿಯ ಹೆಡ್ ಆಫೀಸಿನಿಂದ ಆಜ್ಞೆ ಬಂದಿತ್ತು. ತಪ್ಪಿ ಆಡಿದವರು ಸಂಜೆಯವರೆಗೆ ಕೆಂಪು ಟೋಪಿ ಹಾಕಿಕೊಳ್ಳಬೇಕು. ಟೋಪಿಯನ್ನೂ ಅವರೇ ಕಳಿಸಿದ್ದರು.

ಟೋಪಿ ಇರುತ್ತಿದ್ದದ್ದು ಎಚ್.ಆರ್. ಹುಡುಗಿಯ ವಶದಲ್ಲಿ. ನಮ್ಮವಳೇ, ಮಂಡ್ಯದ ಕಡೆಯ ಬ್ಯಾಂಕಿನವರ ಮಗಳು, ಹುಟ್ಟಿದ್ದು ಇಲ್ಲಿ. ನಾನು ಕನ್ನಡದಲ್ಲಿ ಮಾತಾಡಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

“ನನಗೂ ಹಾಕ್ತೀಯೇನಮ್ಮ?” ಎಂದೆ.

“ಸಾರಿ ಅಂಕಲ್. ರೂಲ್ ಎಲ್ಲಾರುಕ್ಕುಂ ಒಣ್ಣುದಾನ್.” ರೂಲು ಎಲ್ಲರಿಗೂ ಒಂದೇ ಎಂದು ನನ್ನ ತಲೆಗೆ ಏರಿಸಿದಳು.

ಕೈಪಂಪಿನ ಬಳಿ ಆಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಂಗೂ ಒಂದು ಕೊಡ್ಸಿ ಸಾರ್. ಬಿಸಿಲು.”

೩. ಮಗ್ಗು

ಲಾರಿಗೆ ಒಪ್ಪಿಗೆ ಸಿಗಲಿಲ್ಲ, ಮೀಟಿಂಗ್ ಸಿಕ್ಕಿತು. ಸಿನರ್ಜಿ ಎಂದರು. ಹೋಲಿಸ್ಟಿಕ್ ಎಂದರು. ಪ್ಯಾರಡೈಮ್ ಎಂದು ಒಬ್ಬ ಹೇಳಿದಾಗ ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ನಡುವೆ ಬೋಂಡ ಬಂತು. ತಿಂದು ಎಲ್ಲರೂ ಕೈ ತೊಳೆಯಲು ಹೋದರು. ನಲ್ಲಿಯಲ್ಲಿ ನೀರಿರಲಿಲ್ಲ. ಎಣ್ಣೆಗೈ ಎತ್ತಿ ಹಿಡಿದುಕೊಂಡು ಬಂದು ಮೀಟಿಂಗ್ ಮುಂದುವರಿಸಿದರು.

ಕೊನೆಗೆ ಒಂದು ತಂಡ ಕಟ್ಟಿದರು. ತಂಡಕ್ಕೆ ಹೆಸರಿಟ್ಟರು. ಹೆಸರಿಗೊಂದು ಚಿತ್ರ ಬರೆಸಿದರು: ನಗುತ್ತಿರುವ ನೀರಿನ ಹನಿ. ಅದನ್ನು ಮಗ್ಗುಗಳ ಮೇಲೆ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರು. ಆಯಮ್ಮನಿಗೂ ಒಂದು ಬಂತು.

ತಿರುಗಿಸಿ ತಿರುಗಿಸಿ ನೋಡಿದಳು. “ಚೆನ್ನಾಗಿದೆ ಸಾರ್. ಬಕೆಟ್ ಯಾವಾಗ ಕೊಡ್ತಾರೆ?”

೪. ಲಾರಿಯವನು

ಲಾರಿ ಡ್ರೈವರ್ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಪಂಕ್ಚರ್ ಎನ್ನುತ್ತಿದ್ದ, ಮಾವ ಸತ್ತ ಎನ್ನುತ್ತಿದ್ದ. ನಾನು ಬೈಯುತ್ತಿದ್ದೆ. ಮಾರನೆಯ ದಿನ ಸರಿಯಾಗಿ ಬರುತ್ತಿದ್ದ.

ಹೊಸ ತಂಡ ಅವನನ್ನು ಪಾರ್ಟ್‌ನರ್ ಎಂದು ಕರೆದು ಎ.ಸಿ. ಕೋಣೆಯಲ್ಲಿ ಒಂದು ಇಡೀ ದಿನ ತರಬೇತಿ ಕೊಟ್ಟಿತು. ಊಟ ಹಾಕಿತು. ಅವತ್ತು ನೀರೇ ಬರಲಿಲ್ಲ, ಡ್ರೈವರ್ ತರಬೇತಿಯಲ್ಲಿದ್ದ.

ಮಾರನೆಯ ದಿನವೂ ಲಾರಿ ಕಾಣಲಿಲ್ಲ. ಫೋನ್ ಮಾಡಿದೆ.

“ಎಲ್ಲಯ್ಯಾ ಇದ್ದೀಯ?”

“ಬ್ಯಾಂಡ್‌ವಿಡ್ತ್ ಇಲ್ಲ ಸಾರ್,” ಎಂದ.

ಬೈಯಲು ಬಾಯಿ ತೆರೆದೆ. ತರಬೇತಿಯಲ್ಲಿ ಕಲಿತ ಮಾತು, ಹಾಗೆಂದರೇನೆಂದು ನನಗೆ ಗೊತ್ತಿರಲಿಲ್ಲ. ಫೋನ್ ಇಟ್ಟೆ.

೫. ಸಾಧನೆ

ಇಪ್ಪತ್ತನೇ ತಾರೀಖಿಗೆ ಹೆಡ್ ಆಫೀಸಿಗೆ ವರದಿ ಹೋಗಬೇಕು. ‘ನೀರಿಲ್ಲ. ಇನ್ನೊಂದು ಲಾರಿ ಬೇಕು’ ಎಂದು ಬರೆದುಕೊಟ್ಟೆ. ಎಚ್.ಆರ್. ಹುಡುಗಿ ಓದಿ ಹಣೆ ಚಚ್ಚಿಕೊಂಡಳು.

“ಅಯ್ಯೋ ಅಂಕಲ್, ಇದನ್ನ ಹೀಗೇ ಕಳಿಸಿದ್ರೆ ಇನ್ನೊಂದು ಟೋಪಿ ಬರತ್ತೆ.” ಗಾಬರಿಯಲ್ಲಿ ಮೊದಲ ಬಾರಿ ಕನ್ನಡ ಬಂದಿತ್ತು.

ತಾನೇ ತಿದ್ದಿದಳು. ನೀರಿನ ವಿಷಯದಲ್ಲಿ ಚೆನ್ನೈಗೆ ಅಪಾರ ಆಪರ್ಚುನಿಟಿ ಇದೆ, ಮಧ್ಯಾಹ್ನದ ನಂತರದ ಬಳಕೆಯನ್ನು ಸೊನ್ನೆಗೆ ಇಳಿಸಿದ್ದೇವೆ ಎಂದು ಬರೆದಳು. ಸುಳ್ಳೆನ್ನುವ ಹಾಗಿರಲಿಲ್ಲ. ಸಹಿ ಹಾಕಿದೆ. ಲಾರಿಯ ಮಾತು ಎಲ್ಲೂ ಇರಲಿಲ್ಲ.

ವಾರದೊಳಗೆ ಉತ್ತರ ಬಂತು. ನನಗೆ ಪ್ರಶಸ್ತಿ. ಕೊಡಲು ದೊಡ್ಡ ಸಾಹೇಬರೇ ಬೊಂಬಾಯಿಯಿಂದ ಬರುತ್ತಾರಂತೆ. ಇತರ ಆಫೀಸುಗಳೂ ಚೆನ್ನೈಯಂತೆ ಮಾಡಬೇಕಂತೆ.

ಅಂದೇ ಹೈದರಾಬಾದಿನಿಂದ ಫೋನ್ ಬಂತು. ಅಲ್ಲಿಯ ಎನೇಬ್ಲರ್. ಅವನೂ ನನ್ನಂತೆ ನಿವೃತ್ತ.

“ಹೇಗೆ ಮಾಡಿದಿರಿ ಸಾರ್?”

“ಬೋರು ಬತ್ತಿತು.”



“ನಮ್ಮ ಬೋರಿನಲ್ಲಿ ನೀರು ಚೆನ್ನಾಗಿದೆಯಲ್ಲ. ಏನು ಮಾಡಲಿ?”

“ಮೋಟಾರ್ ನಿಲ್ಲಿಸಿ.”

ನಿಲ್ಲಿಸಿದ.

೬. ಸೋಪು

ದೊಡ್ಡ ಸಾಹೇಬರು ಬಂದದ್ದು ತಿಂಗಳ ಕಡೆಯ ದಿನ. ಆಯಮ್ಮ ಮಾರನೆಯ ದಿನದಿಂದ ಬರುವುದಿಲ್ಲ ಎಂದು ನೆನಪಿಸಿದ್ದಳು. ನಾನು ಮನೆಯಲ್ಲಿ ಎರಡು ಸಲ ಖಾಲಿ ಕೊಡ ಎತ್ತಿ ನೋಡಿದ್ದೆ. ಹೆಂಡತಿ ನಕ್ಕಿದ್ದಳು.

ಬಾಳೆ ಎಲೆಯ ಊಟ. ಸಾಹೇಬರು ಐದೂ ಬೆರಳಿನಲ್ಲಿ ಕಲಸಿ ಉಂಡರು. ಎದ್ದು ಬೇಸಿನ್ನಿಗೆ ಹೋಗಿ ಎರಡೂ ಕೈಗೆ ಸೋಪು ಹಚ್ಚಿ ನೊರೆ ಬರಿಸಿ, ಮೊಣಕೈಯಿಂದ ನಲ್ಲಿ ತಿರುಗಿಸಿದರು. ನಲ್ಲಿ ಸುಯ್ ಎಂದಿತು, ಅಷ್ಟೇ.

“ನೀರು?”

ಹಿಂದೆ ಇಡೀ ಆಫೀಸು ನಿಂತಿತ್ತು. ಇಲ್ಲ ಎನ್ನುವ ಹಾಗಿಲ್ಲ.

ಮ್ಯಾನೇಜರ್ ಮುಂದೆ ಬಂದ. “ಸರ್, ಇದೇ ನಮ್ಮ ಆಪರ್ಚುನಿಟಿ.”

“ಯಾವುದು?”

“ಸೊನ್ನೆ ಬಳಕೆ, ಸರ್. ತಾವು ಮೆಚ್ಚಿಕೊಂಡದ್ದು.”

ಸಾಹೇಬರು ಒಮ್ಮೆ ನಲ್ಲಿ ನೋಡಿದರು, ಒಮ್ಮೆ ಅವನನ್ನು ನೋಡಿದರು. ನೊರೆ ಮೊಣಕೈಗೆ ಇಳಿಯುತ್ತಿತ್ತು.

“ವಾಟ್ ಈಸ್ ದ ಪ್ರಾಬ್ಲಮ್ ಹಿಯರ್?” ಎಂದು ಕಿರುಚಿದರು.

ಎಚ್.ಆರ್. ಹುಡುಗಿ ಓಡಿದಳು. ನೀರಿಗೆ ಎಂದುಕೊಂಡೆ. ಕೆಂಪು ಟೋಪಿ ತಂದಳು. ಸಾಹೇಬರ ಎರಡು ಕೈಯಲ್ಲೂ ಸೋಪು, ತಡೆಯಲಾಗಲಿಲ್ಲ. ಅವಳು ತುದಿಗಾಲಲ್ಲಿ ನಿಂತು ಅವರ ತಲೆಗೆ ಏರಿಸಿ, “ಸಾರಿ ಸರ್, ರೂಲು ಎಲ್ಲರಿಗೂ ಒಂದೇ,” ಎಂದಳು. ಆಜ್ಞೆಯ ಕೆಳಗೆ ಸಹಿ ಹಾಕಿದ್ದವರು ಅವರೇ.

ಆಯಮ್ಮ ಹನಿಯ ಚಿತ್ರದ ಮಗ್ಗಿನಲ್ಲಿ ನೀರು ತಂದು ಅವರ ಕೈಗೆ ಸುರಿದಳು. ಒಂದು ಮಗ್ಗಿಗೆ ನೊರೆ ಹೋಗಲಿಲ್ಲ. ಇನ್ನೊಂದು ತರಲು ಮೂರು ಮಹಡಿ ಇಳಿದಳು. ಅವಳು ಬರುವವರೆಗೆ ಸಾಹೇಬರು ಹಾಗೇ ಕೈ ಚಾಚಿಕೊಂಡು ನಿಂತರು. ಆಗ ನನ್ನನ್ನು ಕೇಳಿದರು.

“ಏನು ಬೇಕು?”

“ಇನ್ನೊಂದು ಲಾರಿ.”

“ಕೊಡಿ,” ಎಂದರು ಮ್ಯಾನೇಜರಿಗೆ.

ಪ್ರಶಸ್ತಿಯ ಫೋಟೋದಲ್ಲಿ ಅವರ ತಲೆಯ ಮೇಲೆ ಟೋಪಿ ಇದೆ. ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮಾರನೆಯ ದಿನ ಎರಡು ಲಾರಿ ಬಂತು. ಆಯಮ್ಮನೂ ಬಂದಳು. ನಾನು ಹೈದರಾಬಾದಿಗೆ ಫೋನ್ ಮಾಡಿ, ಮೋಟಾರ್ ಹಾಕಿ ಎಂದೆ.